ಓದುಗರ ಪ್ರಶ್ನೆ, ನಮ್ಮ ಉತ್ತರ: ಜಗಲಿಯ ಮಾತನ್ನು ಫೋನು ಕೇಳಿಸಿಕೊಂಡಿತೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲೋ ಗೆಳೆಯರ ನಡುವೆಯೋ ನಡೆದು ಇತ್ಯರ್ಥವಾಗದೆ ಉಳಿದ ವಾದಗಳನ್ನು ಹೊತ್ತು ತಂದಿವೆ. ನಮ್ಮ ಖಾಸಗಿ ವಿವರಗಳು ಯಾರ ಕೈ ಸೇರುತ್ತಿವೆ ಎಂಬ ಆತಂಕ ಅವುಗಳಲ್ಲೆಲ್ಲ ಇದೆ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ದೀಪಾವಳಿಗೆ ಮನೆಮಂದಿಯೆಲ್ಲ ಸೇರಿದ್ದಾಗ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುವ ಯಂತ್ರದ ವಿಚಾರ ಮಾತನಾಡಿದೆವು. ನಾನು ಫೋನಿನಲ್ಲಿ ಏನನ್ನೂ ಹುಡುಕಿರಲಿಲ್ಲ. ರಾತ್ರಿ ಊಟ ಮುಗಿಸಿ ಫೇಸ್‌ಬುಕ್ ತೆರೆದರೆ ಅದೇ ಯಂತ್ರದ ಜಾಹೀರಾತು. ಫೋನು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದೆ ಎಂದು ಭಾವ ವಾದಿಸುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಅದು ಸಾಧ್ಯವೇ ಇಲ್ಲ ಎನ್ನುತ್ತಾಳೆ. ಯಾರ ಮಾತು ಸರಿ?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ನಿಮ್ಮ ಮಗಳ ಮಾತು ಸತ್ಯಕ್ಕೆ ಹೆಚ್ಚು ಹತ್ತಿರವಿದೆ. ಆದರೆ ‘ಸಾಧ್ಯವೇ ಇಲ್ಲ’ ಎಂಬುದನ್ನು ನಾನು ಒಪ್ಪಲಾರೆ. ಮೈಕ್ ಇರುವ, ಇಂಟರ್ನೆಟ್ ಸಂಪರ್ಕ ಇರುವ ಯಾವ ಸಾಧನದಿಂದಲೂ ಕದ್ದಾಲಿಸುವುದು ಸಾಧ್ಯವಿದೆ. ಜಾಹೀರಾತು ತೋರಿಸುವುದಕ್ಕಾಗಿ ಸಾಮಾನ್ಯ ಜನರ ಮಾತನ್ನು ದಿನವಿಡೀ ಹಾಗೆ ಆಲಿಸಲಾಗುತ್ತಿದೆ ಎನ್ನುವುದಕ್ಕೆ ಮಾತ್ರ ನಂಬಬಹುದಾದ ಪುರಾವೆ ಈವರೆಗೆ ಸಿಕ್ಕಿಲ್ಲ.

ಮೊದಲು ಒಂದು ಲೆಕ್ಕ ಹಾಕೋಣ. ಮಾತನ್ನು ತೀರಾ ಕಡಿಮೆ ಗುಣಮಟ್ಟದಲ್ಲಿ, ಸೆಕೆಂಡಿಗೆ 16 ಕಿಲೋಬಿಟ್‌ನಂತೆ ಕಳುಹಿಸಿದರೂ ದಿನಕ್ಕೆ ಸುಮಾರು 170 ಎಂಬಿ, ತಿಂಗಳಿಗೆ 5 ಜಿಬಿಯಷ್ಟು ಡೇಟಾ ಖರ್ಚಾಗಬೇಕು. ಅಷ್ಟು ಡೇಟಾ ಹೊರಹೋಗುತ್ತಿದ್ದರೆ ಸೆಟ್ಟಿಂಗ್ಸ್‌ನ ಡೇಟಾ ಬಳಕೆಯ ಪುಟದಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಮಾತನ್ನು ಫೋನಿನೊಳಗೇ ಅಕ್ಷರವಾಗಿಸಿ ಕಳುಹಿಸಿದರೆ ಡೇಟಾ ಬಹಳ ಕಡಿಮೆ ಸಾಕು ಎಂದು ನಿಮ್ಮ ಭಾವ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ದಿನವಿಡೀ ಹಾಗೆ ಮಾಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ. ಇದಲ್ಲದೆ 2020ರ ಐಒಎಸ್ 14 ಮತ್ತು 2021ರ ಆಂಡ್ರಾಯ್ಡ್ 12ರಿಂದೀಚೆಗೆ ಯಾವುದೇ ಆ್ಯಪ್ ಮೈಕ್ ಬಳಸಿದರೆ ಪರದೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಮೂಡುತ್ತದೆ. ಐಫೋನಿನಲ್ಲಿ ಅದು ಕಿತ್ತಳೆ ಬಣ್ಣದ್ದು, ಆಂಡ್ರಾಯ್ಡ್‌ನಲ್ಲಿ ಹಸಿರು.

ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಟ್ಟಾಗಿ ಮೈಕ್ ತೆರೆದು ಧ್ವನಿ ಕಳುಹಿಸಿದ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ಬಳಕೆದಾರರ ಪರದೆಯ ಮೇಲೆ ನಡೆಯುವುದನ್ನೇ ಚಿತ್ರೀಕರಿಸಿ ಮೂರನೆಯ ಕಂಪನಿಗೆ ರವಾನಿಸುತ್ತಿದ್ದುದು ಪತ್ತೆಯಾಯಿತು. ಜನ ಮೈಕ್‌ನ ಬಗ್ಗೆಯೇ ಚರ್ಚಿಸುತ್ತಾ ಉಳಿದರು, ಈ ಎರಡನೆಯ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಹಾಗೆಂದು ನಿಮ್ಮ ಭಾವನ ಸಂಶಯ ನಿರಾಧಾರವಾದುದಲ್ಲ. ಆ್ಯಪಲ್‌ನ ಧ್ವನಿ ಸಹಾಯಕ ‘ಸಿರಿ’ ಯಾರೂ ಕರೆಯದಿದ್ದರೂ ಕರೆದರೆಂದು ಭ್ರಮಿಸಿ ಧ್ವನಿಮುದ್ರಿಸಿಕೊಂಡ ಖಾಸಗಿ ಮಾತುಗಳು ಗುತ್ತಿಗೆ ನೌಕರರ ಕಿವಿಗೂ ಬಿದ್ದಿದ್ದವೆಂದು 2019ರಲ್ಲಿ ಬಯಲಾಯಿತು. ಕಂಪನಿ ಕ್ಷಮೆ ಕೇಳಿತು. ಈ ಕುರಿತ ಮೊಕದ್ದಮೆಯನ್ನು 9.5 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಳ್ಳಲು ಅದು ಒಪ್ಪಿಕೊಂಡ ಸುದ್ದಿ 2025ರ ಜನವರಿಯಲ್ಲಿ ಬಂತು. ತಾನು ತಪ್ಪು ಮಾಡಿಲ್ಲ, ಸಿರಿಯ ಧ್ವನಿಯನ್ನು ಜಾಹೀರಾತಿಗೆ ಬಳಸಿಲ್ಲ ಎಂಬುದು ಕಂಪನಿಯ ನಿಲುವು. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಎದುರು ನಿಂತಾಗಲೂ ಮೈಕ್ ಮೂಲಕ ಮಾತು ಕೇಳಿ ಜಾಹೀರಾತು ತೋರಿಸುತ್ತೀರಾ ಎಂಬ ನೇರ ಪ್ರಶ್ನೆ ಬಂದಿತ್ತು, ಅವರು ‘ಇಲ್ಲ’ ಎಂದಿದ್ದರು. ಕಂಪನಿಯ ಮುಖ್ಯಸ್ಥರ ಮಾತನ್ನೇ ಸಾಕ್ಷಿ ಎಂದು ಒಪ್ಪಬೇಕಾಗಿಲ್ಲ. ನಾನು ಮೇಲೆ ಹೇಳಿದ ಲೆಕ್ಕಕ್ಕೂ ಪರೀಕ್ಷೆಗೂ ಹೆಚ್ಚು ತೂಕ ಕೊಡುತ್ತೇನೆ.

ಹಾಗಾದರೆ ಆ ಜಾಹೀರಾತು ಎಲ್ಲಿಂದ ಬಂತು? ನಿಮ್ಮ ಜಗಲಿಯನ್ನೇ ಇನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಆರೇಳು ಫೋನುಗಳು ಒಂದೇ ವೈಫೈಗೆ ಸೇರಿಕೊಂಡಿವೆ, ಅಂದರೆ ಹೊರಜಗತ್ತಿಗೆ ಅವೆಲ್ಲವೂ ಒಂದೇ ವಿಳಾಸದಿಂದ ಕಾಣುತ್ತವೆ. ಯಂತ್ರದ ಬೆಲೆ ಎಷ್ಟಿರಬಹುದೆಂದು ಭಾವನೋ ಅವರ ಮಗನೋ ಅಲ್ಲೇ ಕುಳಿತು ಹುಡುಕಿದ್ದರೆ ಸಾಕು, ಅದೇ ವಿಳಾಸ ಹಂಚಿಕೊಂಡ ನಿಮಗೂ ಆ ಜಾಹೀರಾತು ತೋರಿಸಬಹುದೆಂಬ ಊಹೆಗೆ ಆಧಾರ ಸಿಗುತ್ತದೆ. ನಿಮ್ಮ ಫೋನು ಸಾಗರದಲ್ಲಿದೆ ಎಂಬುದು ಗೊತ್ತಿದೆ, ನೀವು ಅಡಿಕೆ ಧಾರಣೆಯ ಪುಟಗಳನ್ನು ನೋಡುತ್ತೀರೆಂಬುದೂ ಗೊತ್ತಿರಬಹುದು. ಮಲೆನಾಡಿನಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಕೊನೆಕೊಯ್ಲು ಶುರುವಾಗುತ್ತದೆ, ಸುಲಿಯುವ ಆಳುಗಳ ಚಿಂತೆ ಎಲ್ಲ ಜಗಲಿಗಳಲ್ಲೂ ಆಗಲೇ ಏಳುತ್ತದೆ. ಯಂತ್ರ ಮಾರುವವನು ತನ್ನ ಹಣವನ್ನು ಆ ವಾರಗಳಲ್ಲೇ, ಆ ತಾಲ್ಲೂಕುಗಳಲ್ಲೇ ಸುರಿಯುತ್ತಾನೆ. ಅದೇ ಜಾಹೀರಾತು ಅದಕ್ಕೂ ಮೊದಲು ನಾಲ್ಕು ಸಲ ಬಂದಿದ್ದು, ನೀವು ಗಮನಿಸದೆ ಬೆರಳಾಡಿಸಿ ಮುಂದೆ ಹೋಗಿದ್ದರೂ ಹೋಗಿರಬಹುದು. ಮಾತನಾಡಿದ ಮೇಲೆ ಕಣ್ಣಿಗೆ ಹತ್ತಿತು.

ನಮ್ಮ ಮನೆಯಲ್ಲೂ ಇದೇ ವಾದ ಎದ್ದಾಗ ಒಂದು ಪರೀಕ್ಷೆ ಮಾಡಿದೆವು. ಮೊದಲ ಮೂರು ದಿನ ಫೋನಿನಲ್ಲಿ ಬಂದ ಜಾಹೀರಾತುಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ನಂತರದ ಮೂರು ದಿನ ಊಟದ ಹೊತ್ತಿನಲ್ಲಿ ಫೋನನ್ನು ನಡುವೆ ಇಟ್ಟುಕೊಂಡು ಮೀನುಗಾರಿಕೆ ದೋಣಿಯ ಎಂಜಿನ್ ಕೊಳ್ಳುವ ಮಾತನ್ನೇ ಆಡಿದೆವು. ಮೈಸೂರಿನ ನಮ್ಮ ಮನೆಯಲ್ಲಿ ಯಾರಿಗೂ ದೋಣಿಯ ಗಂಧಗಾಳಿ ಇಲ್ಲ. ಅದರ ಬಗ್ಗೆ ಯಾರೂ ಏನನ್ನೂ ಟೈಪ್ ಮಾಡಬಾರದು ಎಂಬುದೇ ಮುಖ್ಯ ಷರತ್ತು. ಆರನೆಯ ದಿನದವರೆಗೂ ಪುಸ್ತಕದಲ್ಲಿ ದೋಣಿ ಕಾಣಿಸಿಕೊಳ್ಳಲಿಲ್ಲ. ಒಂದು ಮನೆಯ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸದು, ಆದರೆ ಭಾವನೂ ಮಗಳೂ ಕೂಡಿ ಇದನ್ನು ಮಾಡಿ ನೋಡಬಹುದು. ಬರೆದಿಡುವ ಕೆಲಸವನ್ನು ಮಾತ್ರ ತಪ್ಪಿಸಬೇಡಿ, ನೆನಪನ್ನು ನಂಬಿದರೆ ವಾದ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ಪ್ರಶ್ನೆ: ಪ್ರವಾಸದಲ್ಲಿ ಲಾಡ್ಜಿನವರು ನಮ್ಮ ಆಧಾರ್‌ನ ಜೆರಾಕ್ಸ್ ಇಟ್ಟುಕೊಂಡರು. ನಾನು ಕೊಡಲು ಹಿಂಜರಿದೆ. ‘ಅದರಲ್ಲಿ ಏನಿದೆ, ಬರೀ ನಂಬರ್’ ಎಂದು ನನ್ನ ಯಜಮಾನರು ನನ್ನನ್ನೇ ಗದರಿದರು. ನನ್ನ ಅಂಜಿಕೆ ತಪ್ಪೇ?
– ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ತಪ್ಪಲ್ಲ, ತಾಯಿ. ಈ ಗೊಂದಲ ನಿಮ್ಮ ಮನೆಯದಷ್ಟೇ ಅಲ್ಲ, ಸರ್ಕಾರದೊಳಗೂ ಇದ್ದದ್ದೇ. 2022ರ ಮೇ ಕೊನೆಯ ವಾರದಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ‘ಆಧಾರ್ ಜೆರಾಕ್ಸ್ ಪ್ರತಿಯನ್ನು ಯಾರಿಗೂ ಕೊಡಬೇಡಿ, ದುರುಪಯೋಗವಾಗಬಹುದು’ ಎಂಬ ಅರ್ಥದ ಪ್ರಕಟಣೆ ಹೊರಡಿಸಿತು. ಜನ ತಪ್ಪಾಗಿ ಅರ್ಥೈಸಿಕೊಳ್ಳಬಹುದೆಂದು ಹೇಳಿ ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ಪ್ರಕಟಣೆಯಲ್ಲಿದ್ದ ಸಲಹೆ ಮಾತ್ರ ಒಳ್ಳೆಯದೇ ಆಗಿತ್ತು. 12 ಅಂಕಿಗಳಲ್ಲಿ ಮೊದಲ ಎಂಟನ್ನು ಮರೆಮಾಡಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ ‘ಮಾಸ್ಕ್ಡ್ ಆಧಾರ್’ ಪ್ರತಿಯನ್ನು ಪ್ರಾಧಿಕಾರದ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಲಾಡ್ಜಿಗೆ ಬೇಕಿರುವುದು ಗುರುತಿನ ಪುರಾವೆ, ಅದಕ್ಕೆ ಚಾಲನಾ ಪರವಾನಗಿಯೋ ಮತದಾರರ ಚೀಟಿಯೋ ಇದ್ದರೂ ಸಾಕಾಗಬೇಕು. ಜೆರಾಕ್ಸ್ ಕೊಡಲೇಬೇಕಾದರೆ ಅಕ್ಷರಗಳ ಮೇಲೆ ಹಾದುಹೋಗುವಂತೆ ದಿನಾಂಕ ಹಾಗೂ ಉದ್ದೇಶವನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿ.

ಬರೀ ನಂಬರಿನಿಂದ ಯಾರೂ ಹಣ ದೋಚಲಾರರು ಎಂಬ ಮಟ್ಟಿಗೆ ನಿಮ್ಮ ಯಜಮಾನರ ಮಾತು ನಿಜ. ನಂಬರಿನ ಜೊತೆಗೆ ಬೆರಳಚ್ಚು ಸೇರಿದಾಗ ಕಥೆ ಬದಲಾಗುತ್ತದೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆರಳಿಟ್ಟು ಹಣ ಪಡೆಯುವ ವ್ಯವಸ್ಥೆ ಇದೆಯಲ್ಲ, ಅದರಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು, ಒಟಿಪಿ ಬೇಕಿಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹೀಗೆ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನ ಪೊಲೀಸರ ಮುಂದೂ ಬಂದವು. ನನಗೆ ಆ ಸುದ್ದಿ ಓದಿ ಬಹಳ ಸಂಕಟವಾಯಿತು, ಏಕೆಂದರೆ ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು.

ಇದಕ್ಕೆ ಪರಿಹಾರ ಇದೆ. ಆಧಾರ್‌ನ ಆ್ಯಪ್‌ನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಿಮ್ಮ ಬೆರಳಚ್ಚು ಎಲ್ಲಿಯೂ ನಡೆಯುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳಿಟ್ಟು ರೇಷನ್ ಪಡೆಯುವವರು ಆ ದಿನದ ಮಟ್ಟಿಗೆ ಅದನ್ನು ತೆರೆಯಬೇಕಾಗುತ್ತದೆ. ಲಾಕ್ ಮಾಡಿದ್ದು ಮರೆತು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ವಾಪಸಾದ ಹಿರಿಯರನ್ನು ಕಂಡಿದ್ದೇನೆ. ಆದ್ದರಿಂದ ಮನೆಯ ಹಿರಿಯರಿಗೆ ಇದನ್ನು ಮಾಡಿಕೊಡುವವರು ತೆರೆಯುವ ಬಗೆಯನ್ನೂ ಅವರಿಗೆ ಕಲಿಸಿಕೊಡಬೇಕು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಮೂರು ನೀಲಿ ಗುರುತು ಬಂದರೆ ಸರ್ಕಾರ ನಮ್ಮ ಸಂದೇಶ ಓದಿದೆ ಎಂದರ್ಥ, ಕೆಂಪು ಬಂದರೆ ಮೊಕದ್ದಮೆ ಎಂಬ ಸಂದೇಶ ನಮ್ಮ ಬಳಗದಲ್ಲಿ ಹರಿದಾಡುತ್ತಿದೆ. ನಿಜವೇ?
– ನಿವೃತ್ತ ನೌಕರರು, ಮಂಡ್ಯ

ಉತ್ತರ: ಶುದ್ಧ ಸುಳ್ಳು. ವಾಟ್ಸಾಪ್‌ನಲ್ಲಿ ಮೂರನೆಯ ಗುರುತೂ ಇಲ್ಲ, ಕೆಂಪು ಗುರುತೂ ಇಲ್ಲ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯೂ ಇದನ್ನು ಸುಳ್ಳೆಂದು ಹೇಳಿದೆ. 2016ರ ಏಪ್ರಿಲ್‌ನಿಂದ ಅಲ್ಲಿಯ ಸಂದೇಶಗಳು ಕಳುಹಿಸಿದವರ ಫೋನಿನಲ್ಲಿ ಬೀಗ ಹಾಕಿಕೊಂಡು ಹೊರಟು ಪಡೆದವರ ಫೋನಿನಲ್ಲಷ್ಟೇ ತೆರೆದುಕೊಳ್ಳುತ್ತವೆ, ನಡುವೆ ಕಂಪನಿಗೂ ಓದಲು ಬರುವುದಿಲ್ಲ. ನೀವು ಯಾರೊಂದಿಗೆ, ಯಾವಾಗ ಸಂಪರ್ಕದಲ್ಲಿದ್ದಿರಿ ಎಂಬಂಥ ವಿವರಗಳಿಗೆ ಆ ರಕ್ಷಣೆ ಇಲ್ಲ ಎಂಬುದನ್ನು ಮಾತ್ರ ನೆನಪಿಡಿ. ಸಂದೇಶಗಳ ಬ್ಯಾಕಪ್‌ಗೆ ಇಂಥದ್ದೇ ಬೀಗ ಹಾಕುವ ಸೌಲಭ್ಯ 2021ರಲ್ಲಿ ಬಂದಿದೆ, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ.

ಪ್ರಶ್ನೆ: ‘ನಾವೇನು ಕಳ್ಳರೇ? ಮುಚ್ಚಿಡಲು ಏನಿದೆ?’ ಎಂದು ಗೆಳೆಯರು ಪ್ರತಿ ಚರ್ಚೆಯಲ್ಲೂ ನನ್ನ ಬಾಯಿ ಮುಚ್ಚಿಸುತ್ತಾರೆ. ಬಟ್ಟೆ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೊಡಲು ನಿರಾಕರಿಸಿದ್ದಕ್ಕೂ ನಕ್ಕರು. ಅವರಿಗೆ ಏನು ಹೇಳಲಿ?
– ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ವಿಚಾರ ಹೇಳಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ಅವರಿಗೆ ಮುಚ್ಚಿಡುವಂಥದ್ದು ಏನಿತ್ತು? ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ಆ ಮೊಕದ್ದಮೆಯಲ್ಲಿ ವಾದಿಸಿತು, ಅದಕ್ಕೆ 1954ರ ಮತ್ತು 1960ರ ದಶಕದ ಹಳೆಯ ತೀರ್ಪುಗಳ ಆಸರೆಯೂ ಇತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ಒಕ್ಕೊರಲಿನಿಂದ ತಳ್ಳಿಹಾಕಿ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2024ರ ಅಕ್ಟೋಬರ್‌ನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡಾಗ ಅವರಿಗೆ 98 ವರ್ಷ. ನಮ್ಮ ನೆಲದ ಇಂಥ ಹಿರಿಯರ ಹೆಸರು ನಮ್ಮ ಕಾಲೇಜುಗಳಲ್ಲಿ ಇನ್ನಷ್ಟು ಕೇಳಿಬರಬೇಕು ಎಂಬುದು ನನ್ನ ಮನಸ್ಸಿನ ಆಸೆ.

ನಿಮ್ಮ ಗೆಳೆಯರ ಪ್ರಶ್ನೆಯಲ್ಲೇ ಒಂದು ದೋಷವಿದೆ. ಮನೆಯ ಬಾಗಿಲು ಹಾಕಿಕೊಂಡು ಮಲಗುವವರೆಲ್ಲ ಕಳ್ಳಮಾಲು ಇಟ್ಟುಕೊಂಡವರಲ್ಲ. ನಿಮ್ಮ ರಕ್ತಪರೀಕ್ಷೆಯ ವರದಿ ಡಾಕ್ಟರಿಗೆ ಗೊತ್ತಿರಬೇಕು, ಹೆಣ್ಣು ನೋಡಲು ಬರುವವರಿಗೋ ಸಾಲ ಕೊಡುವ ಕಂಪನಿಗೋ ನಿಮ್ಮ ಒಪ್ಪಿಗೆಯಿಲ್ಲದೆ ಅದು ತಿಳಿಯಬಾರದು. ಯಾವುದನ್ನು ಯಾರಿಗೆ ಹೇಳಬೇಕೆಂದು ತೀರ್ಮಾನಿಸುವ ಅಧಿಕಾರ ನಿಮ್ಮದಾಗಿರಬೇಕು ಎಂಬುದಷ್ಟೇ ಇಲ್ಲಿರುವ ವಿಷಯ.

ಅಂಗಡಿಯ ವಿಚಾರದಲ್ಲಿ ನೀವು ಮಾಡಿದ್ದು ಸರಿ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ವ್ಯಾಪಾರಿಗಳ ಸಂಘಗಳಿಗೆ ಸೂಚಿಸಿದೆ. ಒಮ್ಮೆ ನನ್ನ ಅಮ್ಮ ಸೀರೆ ಅಂಗಡಿಯ ಕೌಂಟರಿನಲ್ಲಿ ‘ನಂಬರ್ ಬೇಡಪ್ಪಾ, ಬಿಲ್ ಕೊಡು’ ಎಂದರು. ನಂಬರ್ ಇಲ್ಲದೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ ಎಂದ ಹುಡುಗ, ಅಮ್ಮ ಕದಲದೆ ನಿಂತಾಗ 9 ಎಂಬ ಕೀಲಿಯನ್ನು ಹತ್ತು ಸಲ ಒತ್ತಿದ. ಬಿಲ್ ಬಂತು. ಬಿಲ್ಲಿಗೆ ಆ ನಂಬರ್ ಎಷ್ಟು ಅಗತ್ಯ ಎಂಬುದನ್ನು ಅವತ್ತು ಕಣ್ಣಾರೆ ಕಂಡೆ.

ವೈಯಕ್ತಿಕ ಡೇಟಾ ರಕ್ಷಣೆಗೆಂದು ಸಂಸತ್ತು 2023ರ ಆಗಸ್ಟ್‌ನಲ್ಲಿ ಒಂದು ಕಾಯ್ದೆಯನ್ನು ಅಂಗೀಕರಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮೇಲಿನ ಪ್ರಮುಖ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಡೇಟಾವನ್ನು ಕಾಪಾಡದೆ ಸೋರಲು ಬಿಟ್ಟವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ನಿಮ್ಮಿಂದ ಯಾವ ವಿವರವನ್ನು ಏಕೆ ಪಡೆಯಲಾಗುತ್ತಿದೆ ಎಂಬ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಕನ್ನಡ ಆ 22 ಭಾಷೆಗಳಲ್ಲಿ ಒಂದು. ಹೊಣೆಗಳು ಜಾರಿಗೆ ಬಂದ ದಿನದಿಂದ ನೀವು ಯಾವ ಆ್ಯಪ್‌ಗೆ ಒಪ್ಪಿಗೆ ಕೊಡುವಾಗಲೂ ಆ ಪತ್ರವನ್ನು ಕನ್ನಡದಲ್ಲಿ ಕೇಳಿ. ನಿಮ್ಮ ಗೆಳೆಯರಿಂದಲೂ ಕೇಳಿಸಿ.