ಕಲಬುರಗಿ ಬಿಸಿಲು ಬೇರೆ, ಕಡಲ ಸೆಕೆ ಬೇರೆ

ಪ್ರಶ್ನೆ: ನಾವು ಕಲಬುರಗಿಯವರು. ಮೇ ಕೊನೆಗೆ ಗೋಕರ್ಣ, ಮುರುಡೇಶ್ವರ, ಉಡುಪಿ ಕಡೆ ಎಂಟು ದಿನ ಹೊರಟಿದ್ದೇವೆ. 68 ವರ್ಷದ ಅವ್ವ ಜೊತೆಗಿದ್ದಾರೆ, ಬಿಪಿ ಮಾತ್ರೆ ತಗೋತಾರೆ. ಮಗನಿಗೆ ಮೀನೆಂದರೆ ಪ್ರಾಣ. ಹೋದ ಸಲ ಮೂರನೇ ದಿನಕ್ಕೇ ಎಲ್ಲರೂ ಸುಸ್ತಾಗಿ ಮಲಗಿದ್ದೆವು. 43 ಡಿಗ್ರಿ ಕಂಡ ನಮಗೆ 33 ಡಿಗ್ರಿ ಯಾಕೆ ತಡೆಯಲಿಲ್ಲ? ಎಳನೀರು ಕುಡಿದರೆ ಸಾಕಾ? ರೊಟ್ಟಿ ಕಟ್ಟಿಕೊಂಡು ಹೋಗಬಹುದಾ?

ಉತ್ತರ: ನಮ್ಮ ಕಡೆ ಗಾಳಿ ಒಣ. ಬೆವರು ಬಂದ ಕೂಡಲೇ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಿನಂಶ ಜಾಸ್ತಿ. ಬೆವರು ಆರುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ಮೈ ತಂಪಾಗದೆ ಮತ್ತೆ ಮತ್ತೆ ಬೆವರುತ್ತದೆ. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಆ ಉಪ್ಪು ವಾಪಸ್ ಬರುವುದಿಲ್ಲ. ನಿಮ್ಮ ಸುಸ್ತಿಗೆ ಇದೇ ಕಾರಣ ಇದ್ದೀತು.

ಅಲ್ಲಿನವರ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇದಕ್ಕೆ ತುಂಬ ಒಳ್ಳೆಯದು. ಮಧ್ಯಾಹ್ನ ಸಿಕ್ಕರೆ ಬಿಡಬೇಡಿ. ನಮ್ಮ ಅಂಬಲಿಯ ಬಳಗವೇ ಅದು. ಉಪ್ಪು ಹಾಕಿದ ಮುರುಗಲ (ಕೋಕಂ ಹಣ್ಣಿನ) ಪಾನಕವೂ ಚೆನ್ನ. ಉಡುಪಿ ಕಡೆ ಅದನ್ನು ಪುನರ್ಪುಳಿ ಎಂದು ಕೇಳಿ. ಅವ್ವನಿಗೆ ಮಾತ್ರ ಉಪ್ಪಿನಕಾಯಿ ಬೇಡ, ಊಟದ ಉಪ್ಪು ಸಾಕು.

ಎಳನೀರಿನ ಮಾತು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ನಿಮಗೆ, ಮಗನಿಗೆ ಒಳ್ಳೆಯದೇ, ಆದರೆ ಹೋದ ಉಪ್ಪಿಗೆ ಅದೊಂದೇ ಸಾಲದು. ಅವ್ವನ ವಿಷಯದಲ್ಲಿ ಹುಷಾರು. ಟೆಲ್ಮಿಸಾರ್ಟಾನ್, ಎನಾಲಪ್ರಿಲ್‌ನಂಥ ಬಿಪಿ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ಕಿಡ್ನಿಯೂ ಸೋತಿದ್ದರೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಹೊರಡುವ ಮೊದಲು ಅವ್ವನಿಗೆ ಒಂದು ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಮಾಡಿಸಿ. ಮಾತ್ರೆ ಚೀಟಿ ತೋರಿಸಿ, ದಿನಕ್ಕೆ ಎಷ್ಟು ಎಳನೀರು ಕುಡಿಯಬಹುದು ಅಂತ ಡಾಕ್ಟರನ್ನು ಕೇಳಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಕಬ್ಬಿನ ಹಾಲು, ಜ್ಯೂಸ್ ಕುಡಿಯುವಾಗ "ಐಸ್ ಬೇಡ" ಅನ್ನಿ. ಯಾವ ನೀರಿನ ಐಸೋ ಗೊತ್ತಿರಲ್ಲ. ಹೋಟೆಲಿನಲ್ಲಿ ಕುದಿಸಿದ ನೀರು ಕೇಳಿದಾಗ, ಅದಕ್ಕೆ ತಣ್ಣೀರು ಬೆರೆಸಿದ್ದಾರಾ ಅಂತಲೂ ಕೇಳಿ.

ಮಗನಿಗೆ ಮೀನು ಕೊಡಿಸಿ, ಆದರೆ ಜನ ತುಂಬಿರುವ ಕಡೆ, ಬಿಸಿಬಿಸಿಯಾಗಿ. ಬಂಗುಡೆಯಂಥ ಮೀನು ಐಸಿಲ್ಲದೆ ಕೆಲವು ಗಂಟೆ ಇದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ. ಹುರಿದರೂ ಕುದಿಸಿದರೂ ಅದು ಹೋಗಲ್ಲ. ತುತ್ತು ಬಾಯಿಗಿಟ್ಟಾಗ ಮೆಣಸಿನ ಹಾಗೆ ಚುರುಗುಟ್ಟಿದರೆ ಅಲ್ಲಿಗೇ ಬಿಡಿ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬಂದರೆ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದರಂತೂ ತಡಮಾಡಲೇಬೇಡಿ. ಇನ್ನೊಂದು, ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಪ್ರವಾಸ ಜೂನ್‌ಗೆ ಜಾರಿದರೆ "ಇದು ಇವತ್ತಿನ ಮೀನಾ?" ಅಂತ ಕೇಳಿಯೇ ತಿನ್ನಿ.

ಖಡಕ್ ರೊಟ್ಟಿ ಖಂಡಿತ ಒಯ್ಯಿರಿ. ಆದರೆ ಇಲ್ಲಿ ವಾರಗಟ್ಟಲೆ ಕಟಕಟ ಅನ್ನುವ ರೊಟ್ಟಿ ಅಲ್ಲಿ ಡಬ್ಬಿ ತೆರೆದಿಟ್ಟರೆ ಬೇಗನೇ ಮೆತ್ತಗಾಗುತ್ತದೆ, ಆಮೇಲೆ ಬೂಸ್ಟು ಹಿಡಿಯುತ್ತದೆ. ಒಂದೊಂದು ದಿನಕ್ಕೆ ಬೇಕಾದಷ್ಟನ್ನೇ ಬೇರೆ ಬೇರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಕಟ್ಟಿ. ಶೇಂಗಾ ಹಿಂಡಿಗೆ ಒದ್ದೆ ಚಮಚ ಹಾಕಬೇಡಿ. ಬೂಸ್ಟು ಬಂದರೆ ಮೇಲಿನದ್ದು ತೆಗೆದು ಉಳಿದದ್ದು ತಿನ್ನುವುದು ಬೇಡ. ಆ ಬೂಸ್ಟಿನ ವಿಷ ಲಿವರ್‌ಗೆ ಕೆಟ್ಟದ್ದು. ಪೂರ್ತಿ ಎಸೆಯಿರಿ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಮೊದಲು ಹೊಟ್ಟೆ ಬಿರಿಯ ಉಣ್ಣಬೇಡಿ, ಹಸಿದೂ ಇರಬೇಡಿ; ತಿರುವುಗಳಲ್ಲಿ ವಾಂತಿ ಬಂದೀತು.

ಚೀಲದಲ್ಲಿ ಓಆರ್‌ಎಸ್ ಪುಡಿ ಇರಲಿ. ತೀರಾ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಆಗದೆ ಮಟ್ಟಸವಾಗಿರಲಿ. ಅವ್ವನಿಗೆ ವಾಂತಿ, ಭೇದಿ ಹಿಡಿದರೆ ಮುಂದಿನ ಬಿಪಿ ಮಾತ್ರೆ ಕೊಡುವ ಮೊದಲು ಊರಿನ ಡಾಕ್ಟರಿಗೆ ಫೋನ್ ಮಾಡಿ. ಉಚ್ಚೆ ಕಡಿಮೆಯಾದರೆ, ಮಾತು ತೊದಲಿದರೆ, ಫೋನಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.