‘ಕಾಂತಾರ: ಚಾಪ್ಟರ್ 1’ ಗೆದ್ದರೂ ಮಂಗಳೂರು, ಉಡುಪಿ ಕಡೆಯ ಹಲವರು ಮುನಿಸಿಕೊಂಡದ್ದು ಯಾಕೆ?

ಮುಖ್ಯ ಸಿಟ್ಟು ಕತೆಯ ಮೇಲಲ್ಲ, ಸಿನಿಮಾ ನೋಡಿ, ಅದರಲ್ಲಿ ಬರುವ ದೈವದ (ತುಳುನಾಡಿನವರು ಆರಾಧಿಸುವ ಶಕ್ತಿ) ಅನುಕರಣೆಗೆ ಇಳಿದ ಅಭಿಮಾನಿಗಳ ಮೇಲೆ. 2022ರ ‘ಕಾಂತಾರ’ಕ್ಕಿಂತ ಹಿಂದಿನ ಕತೆ ಹೇಳುವ ಈ ಚಿತ್ರ ತೆರೆಕಂಡದ್ದು 2025ರ ಅಕ್ಟೋಬರ್ 2ರಂದು. ಕೆಲವೇ ದಿನಗಳಲ್ಲಿ, ವೇಷ ತೊಟ್ಟು ಥಿಯೇಟರಿಗೆ ಬಂದವರ, ಮೈಮೇಲೆ ಬಂದಂತೆ ಕೂಗಿದವರ ವಿಡಿಯೋಗಳು ಹರಿದಾಡಿದವು.

ತುಳುವರಿಗೆ ದೈವ ಒಂದು ಪಾತ್ರವಲ್ಲ. ಕೋಲ, ಅಂದರೆ ದೈವದ ವೇಷ ತೊಟ್ಟು ಕುಣಿಯುವ ಆರಾಧನೆ, ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಎಣ್ಣೆಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ ಪಡೆಯುವ ವಿಧಿ, ಮುಗಿಯದೆ ಅವರು ಮುಖಕ್ಕೆ ಬಣ್ಣ ಹಚ್ಚುವುದಿಲ್ಲ. ಕಾಲಿಗೆ ಕಟ್ಟುವ ಗಗ್ಗರವನ್ನೂ ಮೊದಲು ಕೈಯಲ್ಲಿ ಹಿಡಿದು ಅಪ್ಪಣೆ ಕೇಳುತ್ತಾರೆ. ಆಮೇಲೆ ಬರುವ ‘ನುಡಿ’ ದೈವದ್ದೇ ಮಾತು. ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಎಷ್ಟೋ ಸಲ ಅಲ್ಲೇ ಇತ್ಯರ್ಥ. ಆ ಕೂಗು ಪಾಪ್‌ಕಾರ್ನ್ ಹಿಡಿದವರ ನಡುವೆ ಕೇಳಿದರೆ ಹೇಗನ್ನಿಸಬೇಡ?

ಅನುಕರಣೆ ಬೇಡವೆಂದು ಚಿತ್ರತಂಡವೇ ವಿನಂತಿಸಿತು. ದೈವವನ್ನು ತೆರೆಗೆ ತಂದದ್ದೇ ತಪ್ಪು ಎನ್ನುವವರಿಗೆ ಅದು ಸಾಲಲಿಲ್ಲ. ನನಗೆ ಆ ವಾದ ತುಸು ಅತಿ ಅನ್ನಿಸುತ್ತದೆ. ಆದರೂ ಮೊಬೈಲಲ್ಲಿ ಕೋಲದ ವಿಡಿಯೋ ಬಂದರೆ ಚಪ್ಪಲಿ ಕಳಚಿಡುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ.