ಅಮೆರಿಕದಲ್ಲಿ ಇಎಲ್‌ಡಿ (ಡ್ರೈವರ್ ಎಷ್ಟು ಗಂಟೆ ಓಡಿಸಿದ ಅಂತ ದಾಖಲಿಸೋ ಎಲೆಕ್ಟ್ರಾನಿಕ್ ಡಿವೈಸ್) ಬಂದ್ಮೇಲೆ ಟ್ರಕ್ ಡ್ರೈವರ್‌ಗಳ ಸಂಪಾದನೆ ಯಾಕೆ ಕಮ್ಮಿ ಆಯ್ತು ಅಂತಾರೆ?

ಯಾಕಂದ್ರೆ ಅಲ್ಲಿ ಬಹಳಷ್ಟು ಡ್ರೈವರ್‌ಗಳಿಗೆ ಸಂಬಳ ಮೈಲಿ ಲೆಕ್ಕ, ಆದ್ರೆ ಕಾನೂನು ಓಡೋದು ಗಂಟೆ ಲೆಕ್ಕದಲ್ಲಿ. ಡ್ಯೂಟಿ ಶುರುವಾದ 14 ಗಂಟೆ ಒಳಗೆ 11 ಗಂಟೆ ಮಾತ್ರ ಓಡಿಸ್ಬೋದು, ಆಮೇಲೆ 10 ಗಂಟೆ ರೆಸ್ಟ್. ಈ ರೂಲ್ ಇಎಲ್‌ಡಿಗಿಂತ ಹಳೇದೇ, ಮುಂಚೆ ಪೇಪರ್ ಲಾಗ್‌ಬುಕ್‌ನಲ್ಲಿ ಪೆನ್ನಲ್ಲಿ ಗೆರೆ ಎಳೀತಿದ್ರು, ಒಂದೆರಡು ಗಂಟೆ ಆಚೀಚೆ ಮಾಡಿದ್ರೆ ಕೇಳೋರಿರ್ಲಿಲ್ಲ. 2017ರ ಡಿಸೆಂಬರ್‌ನಿಂದ ಇಂಜಿನ್‌ಗೇ ಕನೆಕ್ಟ್ ಆಗೋ ಈ ಡಿವೈಸ್ ಕಡ್ಡಾಯ ಆಯ್ತು, ಗಾಡಿ ಕದಲಿದ್ರೆ ಸಾಕು ತಾನೇ ಬರ್ಕೊಳ್ಳುತ್ತೆ.

ನಿಜವಾದ ಏಟು ಬೀಳೋದು ಗೋದಾಮಲ್ಲಿ. ಬೆಳಗ್ಗೆ 6ಕ್ಕೆ ಡ್ಯೂಟಿ ಶುರು ಅಂದ್ಕೊಳ್ಳಿ, ಲೋಡ್ ಆಗೋಕೆ 4 ಗಂಟೆ ಕಾಯಿಸಿದ್ರು, ಸಾಮಾನ್ಯವಾಗಿ ಆ 14 ಗಂಟೆ ಗಡಿಯಾರ ನಿಲ್ಲಲ್ಲ, ರಾತ್ರಿ 8ಕ್ಕೆ ಖತಂ. ಊಟ, ಡೀಸೆಲ್, ಗಾಡಿ ಚೆಕಿಂಗ್ ಕಳೆದ್ರೆ 11ರ ಜಾಗದಲ್ಲಿ 9 ಗಂಟೆ ಓಡಿಸ್ಬೋದು ಅಷ್ಟೆ. ಗಂಟೆಗೆ 55 ಮೈಲಿ ಹಿಡಿದ್ರೂ 110 ಮೈಲಿ ಹೋಯ್ತು, ಮೈಲಿಗೆ 50 ಸೆಂಟ್ ಅಂದ್ರೆ 55 ಡಾಲರ್. ಕಾದಿದ್ದಕ್ಕೆ ದುಡ್ಡು ಕೊಡೋದೂ ಸಾಮಾನ್ಯವಾಗಿ ಮೊದಲ 2 ಗಂಟೆ ಬಿಟ್ಟು, ಅದೂ ಕೊಟ್ರೆ. ನನ್ ಪ್ರಕಾರ ಡಿವೈಸ್‌ನ ಬೈಯೋದ್ರಲ್ಲಿ ಅರ್ಥ ಇಲ್ಲ, ಪುಕ್ಕಟೆ ಕಾಯಿಸೋರನ್ನ ಬೈಬೇಕು.